ಕವಳಿ: ಹಣ್ಣಿಗಿಂತ ಮೊದಲು ಗಿಡವನ್ನು ನೋಡಿ

ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಗಳ ನಡುವೆ ನಡೆದಾಡಿ ಬಂದವರು ಮಳೆಗಾಲದ ಆರಂಭದಲ್ಲಿ ಅಂಗೈ ತುಂಬ ಕಪ್ಪು ಹಣ್ಣುಗಳ ಚಿತ್ರ ಕಳುಹಿಸಿ, ‘ಇದು ಕವಳಿಯೇ? ಮಕ್ಕಳಿಗೆ ಕೊಡಬಹುದೇ?’ ಎಂದು ಕೇಳುತ್ತಾರೆ. ಸಸ್ಯಗಳನ್ನು ಗುರುತಿಸುವುದೇ ನನ್ನ ವೃತ್ತಿಯಾದರೂ, ಕಿತ್ತ ಹಣ್ಣನ್ನು ಮಾತ್ರ ನೋಡಿ ನಾನು ಹೌದೆನ್ನುವುದಿಲ್ಲ. ಎಲೆ, ಮುಳ್ಳು, ಸಾಧ್ಯವಾದರೆ ಹೂವಿನ ಚಿತ್ರವನ್ನೂ ಕೇಳುತ್ತೇನೆ.

ಕರಾವಳಿಯವರು ಕರಂಡೆ ಎನ್ನುವ ಈ ಕವಳಿ, ಕಣಗಿಲೆಯ ಕುಟುಂಬಕ್ಕೆ ಸೇರಿದ ಪೊದೆ. ಆ ಕುಟುಂಬದಲ್ಲಿ ವಿಷದ ಗಿಡಗಳು ಹಲವು. ನಮ್ಮ ಉದ್ಯಾನಗಳಲ್ಲಿ ಬೆಳೆಸುವ ಹಳದಿ ಹೂವಿನ ಕಾಡುಕಣಗಿಲೆಯ ಕಾಯಿಯೂ ಹಣ್ಣಾದಾಗ ಕಪ್ಪಾಗುತ್ತದೆ, ಅದರಿಂದಲೂ ಬಿಳಿ ಹಾಲು ಒಸರುತ್ತದೆ. ಅದರ ಬೀಜವಾದರೋ ಹೃದಯದ ಬಡಿತವನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲದು. ಆದ್ದರಿಂದ ಹಾಲು ಬಂದಿತೆಂಬ ಒಂದೇ ಗುರುತನ್ನು ನಂಬಬಾರದು.

ಕವಳಿಯ ಎಲೆಗಳು ದಪ್ಪ, ಹೊಳಪಿನವು, ಗೆಣ್ಣಿನಲ್ಲಿ ಎದುರುಬದುರಾಗಿ ಜೋಡಿಯಾಗಿರುತ್ತವೆ. ಅಲ್ಲಿಯೇ ಗಟ್ಟಿಮುಳ್ಳುಗಳೂ ಇದ್ದು, ಕೆಲವು ತುದಿಯಲ್ಲಿ ಕವಲೊಡೆದಿರುತ್ತವೆ. ಹೂವು ಬಿಳಿ, ಐದು ಎಸಳು, ಮಲ್ಲಿಗೆಯನ್ನು ನೆನಪಿಸುವ ಪರಿಮಳ. ಹಣ್ಣನ್ನು ಸೀಳಿದರೆ ಕೆಂಪು ತಿರುಳಿನಲ್ಲಿ ಚಪ್ಪಟೆಯಾದ ಸಣ್ಣ ಬೀಜಗಳು ಕಾಣುತ್ತವೆ. ಕಾಡುಕಣಗಿಲೆಗೆ ಮುಳ್ಳಿಲ್ಲ, ಎಲೆ ಕಿರಿದು ಮತ್ತು ನೀಳ, ಕಾಯಿಯೊಳಗೆ ಗಡಸಾದ ಒಂದು ದೊಡ್ಡ ಓಟೆ. ಬಡಾವಣೆಗಳ ಬೇಲಿಗಳಲ್ಲಿ ಕಿತ್ತಳೆ ಬಣ್ಣದ ಕಾಯಿಗೊಂಚಲು ತೂಗಿಸುವ ಡುರಾಂಟಾ ಬೇರೆಯೇ ಕುಟುಂಬದ್ದು. ಆ ಕಾಯಿಯನ್ನೂ ತಿನ್ನಬಾರದು.

ಗುರುತು ಖಚಿತವಾದ ಮೇಲೆ, ಎಳೆಗಾಯಿಯನ್ನು ಉಪ್ಪಿನಕಾಯಿಗೆ ಹಾಕಬಹುದು. ಹುಳಿ ಮತ್ತು ಜೆಲ್ಲಿಯನ್ನು ಗಟ್ಟಿಯಾಗಿಸುವ ಪೆಕ್ಟಿನ್ ಅಂಶ ಹೇರಳವಾಗಿರುವುದರಿಂದ ಪೂರ್ತಿ ಮಾಗದ ಕಾಯಿ ಜೆಲ್ಲಿಗೂ ಬಹಳ ಒಳ್ಳೆಯದು. ತುಟಿಗೆ ಅಂಟುವ ಹಾಲು ಕಡಿಮೆಯಾಗಲೆಂದು ಕಾಯಿಯನ್ನು ಸೀಳಿ ಉಪ್ಪುನೀರಿನಲ್ಲಿ ನೆನೆಸುವುದು ರೂಢಿ.

ಕಾಡಿನ ಹಣ್ಣನ್ನು ಹಕ್ಕಿಗಳಿಗೆ ಬಿಟ್ಟು, ಬೇಕಾದವರು ಮಾರುಕಟ್ಟೆಯಲ್ಲಿ ಕೊಂಡ ಮಾಗಿದ ಹಣ್ಣಿನ ಬೀಜವನ್ನು ಮನೆಯ ಬೇಲಿಗೆ ಬಿತ್ತಬೇಕೆಂಬುದು ನನ್ನ ಬಲವಾದ ಕೋರಿಕೆ. ಬೀಜ ಒಣಗಿ ಹಳತಾದರೆ ಮೊಳೆಯುವ ಶಕ್ತಿ ಕುಂದುತ್ತದೆ. ಆದ್ದರಿಂದ ತೊಳೆದು, ತಡಮಾಡದೆ ಬಿತ್ತಬೇಕು. ಬೇರೂರಿದ ಮೇಲೆ ಗಿಡ ಕಲ್ಲುನೆಲವನ್ನೂ ಬರವನ್ನೂ ತಾಳಿಕೊಳ್ಳುತ್ತದೆ. ಆದರೆ ಬೇಲಿಯನ್ನು ಪದೇ ಪದೇ ಕತ್ತರಿಸಿದರೆ ಹೂವು ಕಡಿಮೆಯಾಗುವುದರಿಂದ, ಹಣ್ಣು ಬೇಕೆನ್ನುವವರು ವರ್ಷಕ್ಕೊಮ್ಮೆ, ಅದೂ ಫಸಲು ಮುಗಿದ ನಂತರವೇ, ಸವರಬೇಕು.