ಅಗಸನ ಕಡೆಯಿಂದ ‘ತುಘಲಕ್’ ಓದುವುದು

ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದ ಮೇಲೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ದಿಲ್ಲಿಯ ಸುಲ್ತಾನ ಮಹಮ್ಮದನ ಪಾತ್ರಚಿತ್ರಣ ಮಾಡಿರಿ, ಇಲ್ಲವೇ ನಾಟಕದ ಸಂಕೇತಗಳನ್ನು ವಿವೇಚಿಸಿರಿ. ಉತ್ತರಗಳೂ ಒಂದೇ ಅಚ್ಚಿನವು. ಆದರ್ಶವಾದಿ, ಮೇಧಾವಿ, ಕ್ರೂರಿ, ಏಕಾಂಗಿ ಅಂತ ಗುಣಗಳ ಪಟ್ಟಿ. ಕೊನೆಗೆ ನೆಹರೂ ಯುಗದ ಭ್ರಮನಿರಸನ ಅಂತ ಒಂದು ಸಾಲು. ಇಷ್ಟು ಬರೆದರೆ ಪಾಸೇನೋ ಆಗಬಹುದು, ನಾಟಕ ಓದಿದ ಹಾಗಾಗುವುದಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾದಲ್ಲಿ ಎಂ.ಎ.ಗೆ ಕೂತಿರುವ ನಮ್ಮಲ್ಲಿ ಬ್ಯಾಂಕಿನವರಿದ್ದಾರೆ, ಟೀಚರುಗಳಿದ್ದಾರೆ, ಹೋಟೆಲಿನ ಗಲ್ಲಾ ಬಿಟ್ಟು ಓಡಿ ಬರುವವರಿದ್ದಾರೆ. ಲೋಕಲ್ಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದುವವರಿಗೆ ನನ್ನದೊಂದು ಸಲಹೆ: ಸುಲ್ತಾನನನ್ನು ಪಕ್ಕಕ್ಕಿಟ್ಟು ಮೊದಲು ಅಗಸ ಅಜೀಜನನ್ನು ಹಿಡಿಯಿರಿ. ಅವನ ಬೆನ್ನು ಹತ್ತಿ ಹೋದರೆ ಸುಲ್ತಾನ ತಾನಾಗಿಯೇ ಸಿಗುತ್ತಾನೆ.

ಇದಕ್ಕೆ ಕಾರಣ ನಾಟಕದ ಕಟ್ಟಡದಲ್ಲೇ ಇದೆ. ಪಾರ್ಸಿ ನಾಟಕ ಕಂಪನಿಗಳು ಹುಟ್ಟಿ ಬೆಳೆದದ್ದು ನಮ್ಮ ಇದೇ ಮುಂಬಯಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅವುಗಳಿಂದ ಮರಾಠಿ ಮಂಡಳಿಗಳೂ ಕನ್ನಡದ ವೃತ್ತಿ ಕಂಪನಿಗಳೂ ಒಂದು ಪದ್ಧತಿ ಕಲಿತವು. ರಂಗದ ಹಿಂಭಾಗದಲ್ಲಿ ಅರಮನೆಯ ಭಾರಿ ಸೆಟ್ಟು. ಅದನ್ನು ಬದಲಿಸುವಷ್ಟು ಹೊತ್ತು ಮುಂದೊಂದು ಬೀದಿಯ ಪರದೆ ಇಳಿಸಿ, ಅದರೆದುರಿನ ಕಿರಿದಾದ ಜಾಗದಲ್ಲಿ ಹಾಸ್ಯಗಾರರನ್ನು ಬಿಡುವುದು. ಹಿಂದೆ ರಾಜರು, ಮುಂದೆ ಆಳುಕಾಳುಗಳು. ಹಿಂದೆ ಸುತ್ತಿಗೆ ಸದ್ದು ಮಾಡುತ್ತಿದ್ದರೂ ಜನ ಸೀಟು ಬಿಟ್ಟೇಳದಂತೆ ನೋಡಿಕೊಳ್ಳುವುದು ಈ ಹಾಸ್ಯಗಾರರ ಕೆಲಸ. ಮಾಥೇರಾನಿನಲ್ಲಿ ಹುಟ್ಟಿ ಶಿರಸಿಯಲ್ಲಿ ಬೆಳೆದ ಕಾರ್ನಾಡರು ಹುಡುಗರಾಗಿದ್ದಾಗ ಕಂಪನಿ ನಾಟಕ ನೋಡಿದವರು. ‘ತುಘಲಕ್’ ಬರೆಯುವಾಗ ಇದೇ ಚೌಕಟ್ಟು ಹಿಡಿದು ಹೊರಟೆ, ಬರೆಯುತ್ತಾ ಹೋದಂತೆ ಎರಡು ಜಾಗಗಳನ್ನು ಬೇರೆಬೇರೆ ಇಡುವುದೇ ಕಷ್ಟವಾಯಿತು ಎಂಬರ್ಥದಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಈಗ 13 ದೃಶ್ಯಗಳನ್ನು ಈ ಕಣ್ಣಿನಿಂದ ನೋಡಿ. ಅಜೀಜ್ ಮತ್ತು ಆಜಮ್ ಮೇಲ್ನೋಟಕ್ಕೆ ಕಂಪನಿ ನಾಟಕದ ಹಾಸ್ಯ ಜೋಡಿಯೇ. ಒಬ್ಬ ಅಗಸ, ಇನ್ನೊಬ್ಬ ಜೇಬುಗಳ್ಳ. ಅವರ ಜಾಗ ಬೀದಿ, ಡೇರೆ, ಗುಡ್ಡ. ಆದರೆ ಅಜೀಜ್ ಅಲ್ಲಿ ನಿಲ್ಲುವ ಆಸಾಮಿಯಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕೆ, ಅರಮನೆಯ ಕಡೆಗೆ ಸರಿಯುತ್ತಾನೆ. ಕೊನೆಯ ದೃಶ್ಯದಲ್ಲಿ ಸುಲ್ತಾನನೂ ಅಗಸನೂ ಒಂದೇ ಕೋಣೆಯಲ್ಲಿ ಮುಖಾಮುಖಿ. ಇಡೀ ನಾಟಕದ ರಚನೆ ಈ ಭೇಟಿಗಾಗಿಯೇ ಇದೆ ಎಂದರೂ ತಪ್ಪಿಲ್ಲ.

ಅವನು ಏರುವುದು ಹೇಗೆ ಅನ್ನುವುದರಲ್ಲಿ ವ್ಯಂಗ್ಯ ಇದೆ. ಸುಲ್ತಾನನ ಒಂದೊಂದು ಸುಧಾರಣೆಯೂ ಅವನಿಗೊಂದು ಮೆಟ್ಟಿಲು. ಪ್ರಜೆ ಸುಲ್ತಾನನ ಮೇಲೂ ದಾವೆ ಹೂಡಬಹುದು ಎಂದು ಮಹಮ್ಮದ ಸಾರಿದ. ಅಜೀಜ್ ವಿಷ್ಣುಪ್ರಸಾದ ಎಂಬ ಬ್ರಾಹ್ಮಣನ ವೇಷ ಹಾಕಿ, ದಾವೆ ಹೂಡಿ, ಗೆದ್ದು, 500 ಬೆಳ್ಳಿ ದಿನಾರು ಮತ್ತು ಸರ್ಕಾರಿ ನೌಕರಿ ಎರಡನ್ನೂ ಹೊಡೆದುಕೊಂಡ. ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವ ಅಪ್ಪಣೆಯಾಯಿತು. ದಾರಿಯ ಬಿಡಾರದಲ್ಲಿ ಅಧಿಕಾರಿಯಾಗಿ ಕೂತು ಲಂಚ ಎತ್ತಿದ. ತಾಮ್ರದ ನಾಣ್ಯ ಬಂತು, ಖೋಟಾ ನಾಣ್ಯ ಹೊಡೆದ. ಖಲೀಫರ ವಂಶಸ್ಥ ಘಿಯಾಸುದ್ದೀನನನ್ನು ಸುಲ್ತಾನ ಬರಮಾಡಿಕೊಳ್ಳಲು ಹೊರಟ. ಇವನು ಆ ಅತಿಥಿಯನ್ನೇ ಕೊಂದು ಅವನ ಉಡುಪು ತೊಟ್ಟು ಮೆರವಣಿಗೆಯಲ್ಲಿ ಬಂದ. ಅಜೀಜನಿಗೆ ಸ್ವಂತ ಯೋಜನೆ ಅಂತ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಹಾಳೆಯೆಲ್ಲ ಸುಲ್ತಾನನದು, ಅಡಿಯಲ್ಲಿ ಸಹಿ ಮಾತ್ರ ಇವನದು.

ಬಿಡಾರದ ದೃಶ್ಯವನ್ನು ನಿಧಾನವಾಗಿ ಓದಿ. ಒಬ್ಬ ಹೆಂಗಸು ಕಾಯಿಲೆಯ ಮಗುವನ್ನು ವೈದ್ಯರಿಗೆ ತೋರಿಸಲು ಬಿಡಿ ಎಂದು ಬೇಡುತ್ತಾಳೆ. ಅಜೀಜ್ ದುಡ್ಡು ಕೇಳುತ್ತಾನೆ. ಆಜಮನಿಗೆ ಕರುಳು ಚುರುಕ್ ಅನ್ನುತ್ತದೆ. ಅದಕ್ಕೆ ಅಜೀಜನ ಉತ್ತರದಲ್ಲಿ ಸಿಟ್ಟಿಲ್ಲ, ಕ್ರೌರ್ಯದ ಕಾವೂ ಇಲ್ಲ, ಬರೀ ತರ್ಕ: ಮಗು ಹೇಗೂ ಉಳಿಯುವುದಿಲ್ಲ, ವೈದ್ಯನ ಕೈಗೆ ಕೊಟ್ಟರೆ ಅವಳ ಇದ್ದಬದ್ದ ದುಡ್ಡೂ ಹೋಗುತ್ತದೆ, ತಾನು ಉಪಕಾರವನ್ನೇ ಮಾಡುತ್ತಿದ್ದೇನೆ. ಇದೇ ಧಾಟಿಯನ್ನು ನಾವು ಅರಮನೆಯಲ್ಲೂ ಕೇಳಿರುತ್ತೇವೆ. ದಿಲ್ಲಿಯ ಅಷ್ಟೂ ಜನರನ್ನು ಎಬ್ಬಿಸಿ ದಕ್ಷಿಣಕ್ಕೆ ನಡೆಸುವಾಗ ಮಹಮ್ಮದನ ಬಳಿ ಇದ್ದದ್ದೂ ಕುಂದಿಲ್ಲದ ತರ್ಕವೇ. ಸಮಾನಾಂತರ ಪಾತ್ರ ಎಂದರೆ ಇದು. ಇಬ್ಬರ ಗುಣಗಳನ್ನು ಎರಡು ಅಂಕಣದಲ್ಲಿ ಬರೆದರೆ ಹೋಲಿಕೆ ಸಿಗುವುದಿಲ್ಲ. ಇಬ್ಬರ ವಾದದ ಜಾಡು ಹಿಡಿಯಬೇಕು.

ಕೊನೆಯಲ್ಲಿ ಸಿಕ್ಕಿಬಿದ್ದಾಗ ಅಜೀಜ್ ಕಾಲು ಹಿಡಿಯುವುದಿಲ್ಲ. ತಮ್ಮ ಒಂದೊಂದು ಮಾತನ್ನೂ ನಂಬಿ ನಡೆದ ನಿಜವಾದ ಶಿಷ್ಯ ನಾನೇ ಎಂಬ ಧಾಟಿಯಲ್ಲಿ ವಾದಕ್ಕಿಳಿಯುತ್ತಾನೆ. ಮಹಮ್ಮದ ಅವನನ್ನು ಕೊಲ್ಲಿಸುವುದಿಲ್ಲ, ದಖ್ಖನ್ನಿನಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ. ‘ಕ್ಷಮಾಗುಣ’ ಎಂದು ಇಲ್ಲಿ ಬರೆದವರ ಉತ್ತರ ನೋಡಿ ನಗು ಬಂತು. ಇದೇ ಸುಲ್ತಾನ ಮಲತಾಯಿಗೆ ಕಲ್ಲು ಹೊಡೆಸಿ ಕೊಲ್ಲುವ ಶಿಕ್ಷೆ ಕೊಟ್ಟವನು. ಅಜೀಜನನ್ನು ಶಿಕ್ಷಿಸಿದರೆ ತನ್ನ ಆಳ್ವಿಕೆಯನ್ನೇ ಶಿಕ್ಷಿಸಿದಂತೆ. ಕೈ ಕಟ್ಟಿಹಾಕಿರುವುದು ಅದು.

ಪ್ರಾರ್ಥನೆಯ ಆಶಯಕ್ಕೆ ಬರೋಣ. ಅದು ಎಲ್ಲೆಲ್ಲಿ ಬರುತ್ತದೆ ಎಂದು ಪುಟದ ಅಂಚಿನಲ್ಲಿ ಗುರುತು ಹಾಕಿಕೊಂಡು ಹೋದರೆ ನಾಟಕದ ನಕ್ಷೆಯೇ ಸಿಗುತ್ತದೆ. ಮೊದಲ ದೃಶ್ಯದ ಜನರ ಹರಟೆಯಲ್ಲಿ ಐದು ಹೊತ್ತಿನ ನಮಾಜು ಕಡ್ಡಾಯವಾದ ಸುದ್ದಿ. ತಂದೆಯೂ ತಮ್ಮನೂ ಸತ್ತದ್ದು ನಮಾಜಿನ ಹೊತ್ತಿಗೆ, ಅದು ಮಹಮ್ಮದನದೇ ಹಂಚಿಕೆ ಎಂಬ ಗುಮಾನಿ. ಮುಂದೆ ಸುಲ್ತಾನನನ್ನು ಕೊಲ್ಲಲು ಸಂಚು ಹೂಡಿದ ಅಮೀರರು, ಅಂದರೆ ಆಸ್ಥಾನದ ಸರದಾರರು, ಅದೇ ಹೊತ್ತನ್ನು ಆರಿಸುತ್ತಾರೆ, ಯಾಕೆಂದರೆ ಪ್ರಾರ್ಥನೆಯಲ್ಲಿ ಯಾರ ಬಳಿಯೂ ಆಯುಧ ಇರುವುದಿಲ್ಲ. ಆ ಕ್ಷಣದ ರಂಗಸೂಚನೆ ನೋಡಿ: ಅಮೀರರು ಆಯುಧ ಹಿರಿದು ಮುಂದೆ ಬರುತ್ತಾರೆ, ಪರದೆಯ ಹಿಂದಿನಿಂದ ಹಿಂದೂ ಸೈನಿಕರು ಈಟಿ ಹಿಡಿದು ಹೊರಬರುತ್ತಾರೆ, ಅಷ್ಟೆಲ್ಲ ಗದ್ದಲದಲ್ಲೂ ಮಹಮ್ಮದ ನಮಾಜು ನಿಲ್ಲಿಸದೆ ಮುಗಿಸುತ್ತಾನೆ. ಆಮೇಲೆ ಎದ್ದು ಬಂದು ಸಂಚಿನಲ್ಲಿ ಸೇರಿದ್ದ ಶಿಹಾಬುದ್ದೀನನನ್ನು ತನ್ನ ಕೈಯಾರೆ ಇರಿಯುತ್ತಾನೆ, ಒಂದು ಸಲವಲ್ಲ, ಮತ್ತೆ ಮತ್ತೆ. ನಂತರ ರಾಜ್ಯದಲ್ಲೆಲ್ಲ ಪ್ರಾರ್ಥನೆಯೇ ನಿಷಿದ್ಧ. ಸತ್ತವನು ಸುಲ್ತಾನನನ್ನು ಉಳಿಸಲು ಹೋಗಿ ಮಡಿದ ಎಂಬ ಘೋಷಣೆ ಬೇರೆ. ಪ್ರಾರ್ಥನೆ ಮತ್ತೆ ಶುರುವಾಗುವುದು ಘಿಯಾಸುದ್ದೀನನ ಆಗಮನದಿಂದ, ಅಂದರೆ ವೇಷಧಾರಿ ಅಗಸನಿಂದ! ಅಷ್ಟರಲ್ಲಿ ಜನಕ್ಕೆ ಬೇಕಾದದ್ದು ಅನ್ನ. ನಾಟಕೀಯ ವ್ಯಂಗ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಪಠ್ಯಗಳಲ್ಲಿ ನನಗೆ ಕಂಡಿಲ್ಲ.

ಚದುರಂಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಹಮ್ಮದ ಒಬ್ಬನೇ ಕೂತು ಎರಡೂ ಕಡೆ ಆಡುತ್ತಾನೆ ಎಂದರೆ ಅರ್ಥವಾಯಿತಲ್ಲ. ಗುಲಾಬಿ ತೋಟವೂ ಸುಲಭ: ಕವಿತೆಯಂತೆ ಬೆಳೆಸಲು ಹೊರಟ ತೋಟದಲ್ಲಿ ಕೊನೆಗೆ ಖೋಟಾ ನಾಣ್ಯಗಳ ರಾಶಿ.

ದೌಲತಾಬಾದಿನ ಕೋಟೆಯ ವಿಷಯ ಬೇರೆ, ಅದು ಮಹಾರಾಷ್ಟ್ರದಲ್ಲಿರುವ ನಮಗೆ ಕೈಗೆಟುಕುವಂಥದ್ದು. ಯಾದವರ ದೇವಗಿರಿಯೇ ಅದು, ಔರಂಗಾಬಾದಿನ (ಈಗಿನ ಛತ್ರಪತಿ ಸಂಭಾಜಿನಗರ) ಪಕ್ಕ. ರಾತ್ರಿಯ ದೃಶ್ಯದಲ್ಲಿ ಇಬ್ಬರು ಕಾವಲುಗಾರರು ಮಾತಾಡುತ್ತಾರೆ, ಒಬ್ಬ ಮುದುಕ, ಒಬ್ಬ ಹುಡುಗ. ಕೋಟೆಯೊಳಗಿನ ಸುರಂಗ ಹೆಬ್ಬಾವಿನ ಹಾಗೆ ಸುತ್ತಿಕೊಂಡಿದೆ ಎಂಬ ಪ್ರತಿಮೆ ಅಲ್ಲಿ ಬರುತ್ತದೆ. ಬಂಡೆ ಕೊರೆದು ಮಾಡಿದ ಆ ಕತ್ತಲ ದಾರಿ ಇವತ್ತಿಗೂ ಇದೆ. ನೋಡಿ ಬಂದವರಿಗೆ ಈ ಪ್ರತಿಮೆಯನ್ನು ವಿವರಿಸಬೇಕಾಗಿಲ್ಲ. ಹಿಂದಿನ ದೃಶ್ಯಕ್ಕೂ ಇದಕ್ಕೂ ನಡುವೆ ಐದು ವರ್ಷ ಕಳೆದಿರುತ್ತದೆ. ಮುದುಕನ ಮನೆಯವರು ದಿಲ್ಲಿಯಿಂದ ಬರುವ ದಾರಿಯಲ್ಲೇ ತೀರಿಕೊಂಡಿದ್ದಾರೆ. ಅವನು ಅದನ್ನು ಹೇಳುವ ದನಿಯಲ್ಲಿ ದೂರಿಲ್ಲ, ಅದೇ ಜಾಸ್ತಿ ಚುಚ್ಚುತ್ತದೆ.

ನೆಹರೂ ವಿಷಯ. ನಾಟಕ 1964ರದು, ನೆಹರೂ ತೀರಿಕೊಂಡದ್ದೂ ಅದೇ ವರ್ಷ. ಇಂಗ್ಲಿಷ್ ಆವೃತ್ತಿಗೆ ಮುನ್ನುಡಿ ಬರೆದ ಅನಂತಮೂರ್ತಿಯವರೂ ಆ ಕಾಲದ ನಿರಾಸೆಯನ್ನು ಗುರುತಿಸಿದ್ದಾರೆ. ಸರಿಯೇ. ಆದರೆ ಅದನ್ನು ಉತ್ತರದ ಮೊದಲ ಸಾಲಿನಲ್ಲೇ ಹಾಕಿದರೆ ಮುಂದೆ ನಾಟಕದ ಬಗ್ಗೆ ಬರೆಯಲು ಏನೂ ಉಳಿಯುವುದಿಲ್ಲ. ಅಜೀಜನ ಬಗ್ಗೆ ಬರೆದಾದ ಮೇಲೆ ತನ್ನಿ, ಆಗ ಮಾತಿಗೆ ತೂಕ ಬರುತ್ತದೆ.

ಈ ಕ್ರಮವನ್ನು ಕಾದಂಬರಿಗೆ ಹಾಗೇ ಹಚ್ಚಬೇಡಿ. ನಾಟಕದಲ್ಲಿ ಪಾತ್ರ ಆಡಿದ್ದು, ಮಾಡಿದ್ದು ಮಾತ್ರ ನಮಗೆ ಸಿಗುವುದು. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ (1979) ನಾಗಪ್ಪನ ತಲೆಯೊಳಕ್ಕೇ ಪ್ರವೇಶ ಇದೆ. ಕೆಲಸದಿಂದ ಅಮಾನತಾದ ಮನುಷ್ಯನ ಶಂಕೆಗಳೊಳಗಿಂದಲೇ ಮುಂಬಯಿ ಕಾಣುತ್ತದೆ. ಹಾಗಾಗಿ ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಇದು ನಡೆದದ್ದೋ, ನಾಗಪ್ಪ ಊಹಿಸಿದ್ದೋ? ಬೇಟೆಯ ರೂಪಕ ಆ ಅನುಮಾನದ ಮೇಲೆಯೇ ನಿಂತಿದೆ.

ಉಳಿದದ್ದು ನಜೀಬ್ ಮತ್ತು ಬರನಿ. ಒಬ್ಬ ಮಂತ್ರಿ, ಲೆಕ್ಕಾಚಾರದವನು. ಇನ್ನೊಬ್ಬ ಇತಿಹಾಸಕಾರ, ಮನಸ್ಸಾಕ್ಷಿಯವನು. ಮಹಮ್ಮದನ ಮನಸ್ಸಿನ ಎರಡು ಹೋಳುಗಳೆಂದು ಗೈಡುಗಳಲ್ಲಿ ಇರುತ್ತದೆ. ಆದರೆ ಯಾವ ಕ್ರಮದಲ್ಲಿ ಅವರು ಕಾಣೆಯಾಗುತ್ತಾರೆ ನೋಡಿ: ನಜೀಬ್ ಮಲತಾಯಿಯ ವಿಷಕ್ಕೆ ಬಲಿ, ಬರನಿ ತಾಯಿಯ ಸಾವಿನ ನೆಪ ಹೇಳಿ ಹೊರಟುಹೋಗುತ್ತಾನೆ. ಅವನು ಅಪ್ಪಣೆ ಕೇಳುವುದು ಅಜೀಜನ ಭೇಟಿ ನಡೆಯುವ ಕೊನೆಯ ದೃಶ್ಯದಲ್ಲೇ. ಇದರ ಮೇಲೆ ಐದು ಅಂಕದ ಟಿಪ್ಪಣಿ ಬಂದರೂ ಬರಬಹುದು.

ಭಾನುವಾರ ಮಾಟುಂಗಾದಲ್ಲಿ ಕೂತು ಗಟ್ಟಿಯಾಗಿ ಓದುವಾಗ ಮೊದಲನೆಯ, ಆರನೆಯ, ಏಳನೆಯ ಮತ್ತು ಕೊನೆಯ ದೃಶ್ಯ ಸಾಕು. ಮರಾಠಿ ಬಲ್ಲವರು ವಿಜಯ್ ತೆಂಡೂಲ್ಕರರ ಅನುವಾದ ಸಿಕ್ಕಿದರೆ ತನ್ನಿ. ಅಜೀಜನ ಮಾತು ಆ ಭಾಷೆಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಹೋಲಿಸಿ ನೋಡಬಹುದು. ಪಾತ್ರ ಹಂಚುವಾಗ ಸುಲ್ತಾನನನ್ನು ಯಾರಿಗಾದರೂ ಕೊಡಿ, ಅಜೀಜನನ್ನು ಮಾತ್ರ ಚೆನ್ನಾಗಿ ಓದುವವರಿಗೇ ಕೊಡಿ.