ಗೆರೆ ಕಾಣಲಿಲ್ಲ ಅಂದರೆ ಧಾತು ಇಲ್ಲ ಅಂತಲ್ಲ

ಪ್ರಶ್ನೆ: ನಕ್ಷತ್ರದ ರೋಹಿತದಲ್ಲಿ (ಅದರ ಬೆಳಕನ್ನು ಬಣ್ಣಬಣ್ಣವಾಗಿ ಹರಡಿದಾಗ ಸಿಗುವ ಪಟ್ಟಿಯಲ್ಲಿ) ಕಬ್ಬಿಣದ ಗೆರೆ ಕಾಣದಿದ್ದರೆ ಅದರಲ್ಲಿ ಕಬ್ಬಿಣ ಇಲ್ಲ ಅಂತ ತಾನೇ? ಲೋಹ ಕಡಿಮೆ ಇರುವ ನಕ್ಷತ್ರಗಳನ್ನು ಹೀಗೇ ಹುಡುಕೋದಾ?

ಎರಡನೆಯದಕ್ಕೆ ಹೆಚ್ಚುಕಡಿಮೆ ಹೌದು. ಮೊದಲನೆಯದಕ್ಕೆ ಅಲ್ಲ, ಅಲ್ಲವೇ ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಈ ಸಲ ಲೆಕ್ಕ ಸಮೇತ ಹೇಳಿಬಿಡುತ್ತೇನೆ.

ಬೇಗ ಮುಗಿಯುವ ಸಂಗತಿ ಮೊದಲು. ಖಗೋಳದವರ ಬಾಯಲ್ಲಿ ‘ಲೋಹ’ ಅಂದರೆ ಜಲಜನಕ, ಹೀಲಿಯಂ ಬಿಟ್ಟು ಉಳಿದದ್ದೆಲ್ಲ. ಆಮ್ಲಜನಕವೂ ಲೋಹವೇ. ರಸಾಯನಶಾಸ್ತ್ರದ ಮೇಷ್ಟ್ರು ಕೋಪಿಸಿಕೊಂಡರೆ ನಾನೇನೂ ಮಾಡಲಾರೆ. ರೋಹಿತದ ಕಪ್ಪು ಗೆರೆಗಳು ನಕ್ಷತ್ರದ ಹೊರಪದರದ ಪರಮಾಣುಗಳು ನುಂಗಿದ ಬಣ್ಣಗಳ ಗುರುತು. ಇಷ್ಟು ನಿಮಗೆ ಗೊತ್ತೇ ಇದೆ.

ಈಗ ತಪ್ಪಿನ ಮೂಲಕ್ಕೆ ಬರೋಣ. ಗೆರೆ ದಪ್ಪಗಿದ್ದರೆ ಧಾತು ಜಾಸ್ತಿ, ತೆಳ್ಳಗಿದ್ದರೆ ಕಡಿಮೆ, ಇಲ್ಲದಿದ್ದರೆ ಇಲ್ಲ ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ನಮ್ಮ ಸೂರ್ಯನ ಮೇಲೇ ಹಚ್ಚಿ ನೋಡಿ. ಕಣ್ಣಿಗೆ ಕಾಣುವ ಅವನ ಬೆಳಕಿನಲ್ಲಿ ತೀರ ದಪ್ಪಗಿರುವುದು ನೇರಳೆ ತುದಿಯ ಎರಡು ಗೆರೆಗಳು, 393.4 ಮತ್ತು 396.8 ನ್ಯಾನೋಮೀಟರ್‌ನಲ್ಲಿ. ಎರಡೂ ಕ್ಯಾಲ್ಸಿಯಂನವು. ಜಲಜನಕದ ಗೆರೆಗಳು ಅವುಗಳ ಮುಂದೆ ಏನೂ ಅಲ್ಲ. ಹಾಗಾದರೆ ಸೂರ್ಯನಲ್ಲಿ ಜಲಜನಕಕ್ಕಿಂತ ಕ್ಯಾಲ್ಸಿಯಂ ಜಾಸ್ತಿಯಾ? ಒಂದು ಕ್ಯಾಲ್ಸಿಯಂ ಪರಮಾಣುವಿಗೆ ಅಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜಲಜನಕದ ಪರಮಾಣುಗಳಿವೆ!

ಕಾರಣ ತಾಪಮಾನ. ಜಲಜನಕ ಕಣ್ಣಿಗೆ ಕಾಣುವ ಬಣ್ಣವನ್ನು ನುಂಗಬೇಕಾದರೆ ಅದರ ಎಲೆಕ್ಟ್ರಾನ್ ಮೊದಲೇ ಶಕ್ತಿಯ ಎರಡನೇ ಮೆಟ್ಟಿಲಿನ ಮೇಲೆ ನಿಂತಿರಬೇಕು. ಸೂರ್ಯನ ಮೇಲ್ಮೈಯ ಸುಮಾರು 5,770 ಕೆಲ್ವಿನ್ ಶಾಖಕ್ಕೆ ಹಾಗೆ ನಿಂತಿರುವುದು ಅಂದಾಜು 20 ಕೋಟಿಗೆ ಒಂದು ಪರಮಾಣು. ಉಳಿದವೆಲ್ಲ ಸುಮ್ನೆ ಕೆಳಗೆ ಕೂತಿವೆ, ಗೆರೆಗೆ ಲೆಕ್ಕಕ್ಕಿಲ್ಲ. ಕ್ಯಾಲ್ಸಿಯಂ ಕತೆ ಬೇರೆ. ಅದರ ಬಹುಪಾಲು ಪರಮಾಣುಗಳು ಒಂದು ಎಲೆಕ್ಟ್ರಾನ್ ಕಳೆದುಕೊಂಡು, ಆ ಎರಡು ಗೆರೆಗಳಿಗೆ ಬೇಕಾದ ಸ್ಥಿತಿಯಲ್ಲೇ ಇವೆ. ಗುಣಿಸಿ ನೋಡಿ: ಕೆಲಸಕ್ಕೆ ಬರುವ ಒಂದು ಜಲಜನಕಕ್ಕೆ ಕೆಲಸಕ್ಕೆ ಬರುವ ಕ್ಯಾಲ್ಸಿಯಂ ನೂರಾರು. ಗೆರೆ ದಪ್ಪ ಆಗದೆ ಏನಾದೀತು?

ಈ ಲೆಕ್ಕಕ್ಕೆ ದಾರಿ ಮಾಡಿಕೊಟ್ಟದ್ದು ನಮ್ಮ ಭೌತವಿಜ್ಞಾನಿ ಮೇಘನಾದ ಸಾಹಾ ಅವರ 1920ರ ಸಮೀಕರಣ. ಎಷ್ಟು ಶಾಖಕ್ಕೆ ಎಷ್ಟು ಪಾಲು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಅಂತ ಅದು ಹೇಳುತ್ತದೆ. ಅದನ್ನು ಹಿಡಿದು ಖಗೋಳವಿಜ್ಞಾನಿ ಸಿಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳಲ್ಲಿ ಜಲಜನಕವೇ ಎಲ್ಲಕ್ಕಿಂತ ಜಾಸ್ತಿ ಎನ್ನುವ ಉತ್ತರಕ್ಕೆ ಬಂದರು. ಹಿರಿಯರಾದ ಹೆನ್ರಿ ನಾರಿಸ್ ರಸೆಲ್ ಒಪ್ಪಲಿಲ್ಲ. ಒಪ್ಪಲು 1929ರವರೆಗೆ ಬೇಕಾಯಿತು. ಹಾಗಾಗಿ ನೀವು ಎಡವಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ದೊಡ್ಡವರ ಸಾಲಿನಲ್ಲೇ ಇದ್ದೀರಿ.

ಇದೇ ತಪ್ಪು ತಿರುಗುಮುರುಗಾಗಿಯೂ ಆಗಿದೆ. ಎಚ್‌ಡಿ 19445 ಮತ್ತು ಎಚ್‌ಡಿ 140283 ಎಂಬ ಎರಡು ನಕ್ಷತ್ರಗಳ ಲೋಹದ ಗೆರೆಗಳು ತೀರ ಸಣಕಲು. ಶಾಖ ಜಾಸ್ತಿ ಇರುವುದಕ್ಕೇ ಹೀಗೆ ಅಂತ ಅವನ್ನು ಬಿಸಿ ನಕ್ಷತ್ರಗಳ ಗುಂಪಿಗೆ ಸೇರಿಸಿದ್ದರು. 1951ರಲ್ಲಿ ಚೇಂಬರ್ಲಿನ್ ಮತ್ತು ಆಲರ್ ಎಂಬ ಖಗೋಳವಿಜ್ಞಾನಿಗಳು ಕೂತು ಲೆಕ್ಕ ಹಾಕಿದಾಗ ಶಾಖ ಅಷ್ಟಿಲ್ಲ, ನಿಜಕ್ಕೂ ಲೋಹವೇ ಕಡಿಮೆ ಅಂತ ತಿಳಿಯಿತು. ಲೋಹಬಡ ನಕ್ಷತ್ರಗಳ ಅಧ್ಯಯನ ಶುರುವಾದದ್ದೇ ಇಲ್ಲಿಂದ.

ಅದಕ್ಕೇ ಕ್ರಮ ಹೀಗೆ. ಮೊದಲು ತಾಪಮಾನ ಮತ್ತು ಮೇಲ್ಮೈ ಗುರುತ್ವ ಗೊತ್ತು ಮಾಡಿಕೊಳ್ಳಬೇಕು. ಆಮೇಲೆ ಇಷ್ಟು ಕಬ್ಬಿಣಕ್ಕೆ ಇಷ್ಟು ದಪ್ಪದ ಗೆರೆ ಬರಬೇಕು ಅಂತ ಲೆಕ್ಕ ಕಟ್ಟಿ, ನಿಜವಾದ ಗೆರೆಯ ಪಕ್ಕದಲ್ಲಿಟ್ಟು ನೋಡಬೇಕು. ಸಾವಿರಾರು ನಕ್ಷತ್ರಗಳನ್ನು ಜಾಲಾಡುವಾಗ 393.4ರ ಆ ಕ್ಯಾಲ್ಸಿಯಂ ಗೆರೆಯನ್ನೇ ಮೊದಲು ನೋಡುತ್ತಾರೆ. ಅಷ್ಟು ಗಟ್ಟಿ ಗೆರೆಯೂ ಸೊರಗಿದ್ದರೆ ಅನುಮಾನ, ಆಮೇಲೆ ದೊಡ್ಡ ದೂರದರ್ಶಕ. 2014ರಲ್ಲಿ ಪ್ರಕಟವಾದ ಎಸ್‌ಎಂಎಸ್‌ಎಸ್ 0313–6708 ಎಂಬ ನಕ್ಷತ್ರವನ್ನು ಆಸ್ಟ್ರೇಲಿಯಾದ ಸ್ಕೈಮ್ಯಾಪರ್ ದೂರದರ್ಶಕ ಹುಡುಕಿಕೊಟ್ಟಿತು. ಅದರಲ್ಲಿ ಕಬ್ಬಿಣದ ಒಂದು ಗೆರೆಯೂ ಸಿಗಲಿಲ್ಲ. ಆದರೂ ‘ಕಬ್ಬಿಣ ಇಲ್ಲ’ ಅಂತ ಯಾರೂ ಬರೆಯಲಿಲ್ಲ. ಇದ್ದರೆ ಇಷ್ಟರ ಒಳಗೆ ಅಂತ ಒಂದು ಮಿತಿ ಹಾಕಿದರು. ಆ ಮಿತಿ ಸೂರ್ಯನಲ್ಲಿರುವ ಪ್ರಮಾಣದ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಇಷ್ಟು ಹೇಳಿದ ಮೇಲೆ ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಬೇಕು ಅನ್ನಿಸುತ್ತಿದೆ. ಇಂಥ ಬಡ ನಕ್ಷತ್ರದಲ್ಲಿ ಯುರೇನಿಯಂ ಸಿಗುತ್ತಾ? ಸಿಕ್ಕಿದೆ! ಸಿಎಸ್ 31082–001 ಎಂಬ ನಕ್ಷತ್ರದಲ್ಲಿ ಕಬ್ಬಿಣ ಸೂರ್ಯನ ಸುಮಾರು 800ರಲ್ಲಿ ಒಂದು ಪಾಲು. 2001ರಲ್ಲಿ ಅದರ ರೋಹಿತದಲ್ಲಿ 385.96 ನ್ಯಾನೋಮೀಟರ್‌ನ ಯುರೇನಿಯಂ ಗೆರೆ ಕಂಡಿತು. ಯುರೇನಿಯಂ–238ರ ಅರ್ಧಾಯುಷ್ಯ (ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ) ಸುಮಾರು 447 ಕೋಟಿ ವರ್ಷ, ಥೋರಿಯಂ–232ರದ್ದು ಸುಮಾರು 1,400 ಕೋಟಿ. ಯಾವುದು ಎಷ್ಟು ಉಳಿದಿದೆ ಅಂತ ನೋಡಿ ನಕ್ಷತ್ರದ ವಯಸ್ಸು ಅಂದಾಜು 1,250 ಕೋಟಿ ವರ್ಷ ಎಂದರು. ಅದರಲ್ಲಿ 300 ಕೋಟಿ ಆಚೀಚೆ ಇರಬಹುದು ಅನ್ನಿ.

ಯುರೇನಿಯಂ ಸೂರ್ಯನಲ್ಲೂ ಇದೆ. ಆದರೆ ಅಲ್ಲಿ ಆ ಜಾಗಕ್ಕೆ ಒತ್ತಿಕೊಂಡೇ ಕಬ್ಬಿಣದ ದಪ್ಪ ಗೆರೆಯೊಂದಿದೆ, ಯುರೇನಿಯಂನ ಸಣ್ಣ ಗೆರೆ ಅದರಡಿ ಮುಚ್ಚಿಹೋಗುತ್ತದೆ. ಈ ನಕ್ಷತ್ರದಲ್ಲಿ ಆ ಕಬ್ಬಿಣದ ಗೆರೆ ಸೊರಗಿದ್ದರಿಂದಲೇ ಯುರೇನಿಯಂ ಗೆರೆ ಕಣ್ಣಿಗೆ ಬಿತ್ತು.