ಆಡುವವನಿಗೇ ಸುಳ್ಳು ಹೇಳಿದ ಗೇಮ್: ‘ಎಟರ್ನಲ್ ಡಾರ್ಕ್‌ನೆಸ್’ ನಮ್ಮ ಕಣ್ಣು ತಪ್ಪಿಸಿದ್ದು ಹೇಗೆ?

ತುಮಕೂರಿನಲ್ಲಿ ಹಾರರ್ ಗೇಮ್ ಆಡುವವರಿಗೆ ಬರ ಇಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಸುತ್ತಲಿನ ಪಿ.ಜಿ.ಗಳಲ್ಲಿ ರಾತ್ರಿ ಲೈಟ್ ಆರಿಸಿಕೊಂಡು, ಒಂದೇ ಲ್ಯಾಪ್‌ಟಾಪ್ ಮುಂದೆ ನಾಲ್ಕು ಜನ ಕೂರುವುದು ಮಾಮೂಲಿ. ಅವರಿಗೆ ‘ರೆಸಿಡೆಂಟ್ ಈವಿಲ್’ ಗೊತ್ತು, ‘ಔಟ್‌ಲಾಸ್ಟ್’ ಗೊತ್ತು. ಮೊಬೈಲಿನ ‘ಗ್ರ್ಯಾನಿ’ ಅಂತೂ ಸ್ಕೂಲಿಗೆ ಹೋಗುವ ಮಕ್ಕಳಿಗೂ ಗೊತ್ತು. ‘ಎಟರ್ನಲ್ ಡಾರ್ಕ್‌ನೆಸ್’ ಅಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. 2002ರ ಜೂನ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಗೇಮ್ ಇದು. ಮೆಟಾಕ್ರಿಟಿಕ್‌ನಲ್ಲಿ ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ 100ಕ್ಕೆ 92. ಮಾರಾಟ ಆದದ್ದು ಮಾತ್ರ 5 ಲಕ್ಷಕ್ಕೂ ಕಡಿಮೆ ಪ್ರತಿ.

ನನ್ನ ಲೆಕ್ಕದಲ್ಲಿ ಈ ಗೇಮನ್ನು ಮೇಲೆತ್ತಿದ್ದೂ ಒಂದೇ ಐಡಿಯಾ, ಕೆಳಗೆ ಎಳೆದದ್ದೂ ಅದೇ ಐಡಿಯಾ. ಅದೇನು ಅಂತ ಮೊದಲು ನೋಡೋಣ.

ಪರದೆಯ ಮೇಲೆ ಮೂರು ಪಟ್ಟಿಗಳಿರುತ್ತವೆ. ಕೆಂಪು ಜೀವಕ್ಕೆ, ನೀಲಿ ಮಂತ್ರಕ್ಕೆ, ಹಸಿರು ಮನಸ್ಸಿನ ಸ್ಥಿಮಿತಕ್ಕೆ. ಪಿಶಾಚಿ ನಿಮ್ಮನ್ನು ನೋಡಿದರೆ ಹಸಿರು ಇಳಿಯುತ್ತದೆ. ಅದು ಇಳಿದಂತೆ ಆಟ ಹಳ್ಳ ಹಿಡಿಯುತ್ತದೆ. ಮೊದಮೊದಲು ಚಿಕ್ಕಪುಟ್ಟದ್ದು: ಕ್ಯಾಮೆರಾ ಓರೆಯಾಗುತ್ತದೆ, ಎಲ್ಲೋ ಹೆಂಗಸು ಅಳುವ ಸದ್ದು ಕೇಳುತ್ತದೆ, ಗೋಡೆಯಿಂದ ರಕ್ತ ಇಳಿಯುತ್ತದೆ. ಇಷ್ಟನ್ನು ಯಾವ ಹಾರರ್ ಗೇಮ್ ಆದರೂ ಮಾಡುತ್ತದೆ ಬಿಡಿ. ಇನ್ನೂ ಇಳಿದರೆ ಗೇಮ್ ತನ್ನ ಪಾತ್ರವನ್ನು ಬಿಟ್ಟು ನಿಮ್ಮ ಮೇಲೆ ಬೀಳುತ್ತದೆ. ಟಿವಿಯ ವಾಲ್ಯೂಮ್ ತಾನಾಗಿಯೇ ಕಮ್ಮಿಯಾದಂತೆ ಹಸಿರು ಗೆರೆ ಕಾಣುತ್ತದೆ. ಪರದೆಯ ಮೇಲೆ ಹುಳ ಹರಿಯುತ್ತದೆ, ಕೈ ಬೀಸಿ ಓಡಿಸಬೇಕು ಅನಿಸುವಷ್ಟು ನಿಜವಾಗಿ. ರಾಕ್ಷಸರು ಮುತ್ತಿಕೊಂಡಿರುವಾಗಲೇ ಕಂಟ್ರೋಲರ್ ಕಳಚಿದೆ ಅಂತ ಮೆಸೇಜ್ ಬರುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದು, ನೀವು ಸೇವ್ ಮಾಡಿದ್ದೆಲ್ಲ ಅಳಿಸಿಹೋಗುತ್ತಿದೆ ಅಂತ ತೋರಿಸುವುದು. ಯಾವುದೂ ನಿಜ ಅಲ್ಲ. ಆದರೆ ಆ ಎರಡು ಸೆಕೆಂಡ್ ಎದೆ ಧಸಕ್ ಅನ್ನುವುದು ನಿಜ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದು ನೆನಪಿದೆಯಲ್ವಾ? ರಾತ್ರಿ ಬರುವ ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ ಅನ್ನುವ ಸುದ್ದಿ ಅದು. ಹೆದರಿಕೆ ಇದ್ದದ್ದು ದೆವ್ವದ ಕೋರೆಹಲ್ಲಿಗಲ್ಲ. ಅಮ್ಮನ ದನಿಯನ್ನೂ ನಂಬುವ ಹಾಗಿಲ್ಲವಲ್ಲ ಅನ್ನುವುದಕ್ಕೆ. ಈ ಗೇಮ್ ಹಿಡಿದದ್ದೂ ಅದೇ ಜಾಡು. ಕಥೆಯೊಳಗಿನ ರಾಕ್ಷಸ ದೂರದವನು. ಟಿವಿ ಮನೆಯದು, ಅದು ಸುಳ್ಳು ಹೇಳಿದರೆ?

ಐಡಿಯಾ ಎಲ್ಲಿಂದ ಬಂತು

ಮನಸ್ಸಿನ ಸ್ಥಿಮಿತಕ್ಕೆ ಅಂಕ ಕೊಡುವುದು ಈ ಗೇಮ್ ಮಾಡಿದವರ ಹೊಸ ಕಂಡುಹಿಡಿತ ಅಲ್ಲ. 1981ರಲ್ಲಿ ಅಮೆರಿಕದ ಕೇಯಾಸಿಯಂ ಕಂಪನಿ ‘ಕಾಲ್ ಆಫ್ ಕುತೂಲು’ ಎಂಬ ಆಟ ತಂದಿತ್ತು. ಕಂಪ್ಯೂಟರ್ ಇಲ್ಲ, ಟೇಬಲ್ ಸುತ್ತ ಕೂತು ದಾಳ ಹಾಕಿ ಆಡುವುದು. ನೋಡಬಾರದ್ದನ್ನು ನೋಡಿದರೆ ನಿಮ್ಮ ‘ಸ್ಯಾನಿಟಿ’ ಅಂಕ ಇಳಿಯುತ್ತಿತ್ತು. ಅದರ ಮೂಲ ಎಚ್.ಪಿ. ಲವ್‌ಕ್ರಾಫ್ಟ್ ಕಥೆಗಳು. ಲವ್‌ಕ್ರಾಫ್ಟ್ ಅಮೆರಿಕದ ರೋಡ್ ಐಲೆಂಡ್‌ನವರು. ನಮ್ಮ ಗೇಮಿನ ಹಳೇ ಬಂಗಲೆಯೂ ರೋಡ್ ಐಲೆಂಡ್‌ನಲ್ಲೇ ಇದೆ. ಸಾಲ ಎಲ್ಲಿಂದ ತಂದೆವು ಅಂತ ಅವರು ಮುಚ್ಚಿಟ್ಟಿಲ್ಲ.

ಆಟಗಾರನ ಯಂತ್ರದ ಜೊತೆ ಚೇಷ್ಟೆ ಮಾಡುವುದಕ್ಕೂ ಒಬ್ಬ ಅಣ್ಣ ಇದ್ದ. 1998ರ ‘ಮೆಟಲ್ ಗೇರ್ ಸಾಲಿಡ್’ನಲ್ಲಿ ಸೈಕೋ ಮ್ಯಾಂಟಿಸ್ ಎಂಬ ವಿಲನ್ ನಿಮ್ಮ ಮೆಮರಿ ಕಾರ್ಡ್ ಓದಿ, ನೀವು ಯಾವ್ಯಾವ ಗೇಮ್ ಆಡಿದ್ದೀರಿ ಅಂತ ಹೇಳುತ್ತಿದ್ದ. ಅವನನ್ನು ಸೋಲಿಸಲು ಕಂಟ್ರೋಲರನ್ನು ಕಿತ್ತು ಇನ್ನೊಂದು ಪೋರ್ಟಿಗೆ ಹಾಕಬೇಕಿತ್ತು. ಅದು ಒಂದೇ ಒಂದು ಫೈಟು, ಅಲ್ಲಿಗೆ ಮುಗಿಯಿತು. ಆ ಚೇಷ್ಟೆಯನ್ನು ಮನಸ್ಸಿನ ಪಟ್ಟಿಗೆ ಗಂಟು ಹಾಕಿ, ಇಡೀ ಗೇಮಿಗೆ ಹಬ್ಬಿಸಿದ್ದು ಎಟರ್ನಲ್ ಡಾರ್ಕ್‌ನೆಸ್‌ನ ಹೆಚ್ಚುಗಾರಿಕೆ.

ಮಾಡಿದವರು ಕೆನಡಾದ ಸಿಲಿಕಾನ್ ನೈಟ್ಸ್. ಮುಂದಾಳು ಡೆನಿಸ್ ಡಯಾಕ್. 1996ರಲ್ಲಿ ‘ಬ್ಲಡ್ ಓಮನ್’ ಎಂಬ ರಕ್ತಪಿಶಾಚಿ ಗೇಮ್ ಮಾಡಿ ಹೆಸರು ಗಳಿಸಿದ್ದರು. ಹೊಸ ಗೇಮನ್ನು ಜಪಾನಿನ ನಿಂಟೆಂಡೊ ಕಂಪನಿಯ ಟಿವಿ ಗೇಮ್ ಯಂತ್ರ ನಿಂಟೆಂಡೊ 64ಕ್ಕೆ ಅಂತ ಶುರು ಮಾಡಿದರು. ತಯಾರಾಗುವಷ್ಟರಲ್ಲಿ ಆ ಯಂತ್ರಕ್ಕೆ ವಯಸ್ಸಾಗಿತ್ತು. ಹಾಗಾಗಿ ಅದೇ ಕಂಪನಿಯ ಮುಂದಿನ ಯಂತ್ರ ಗೇಮ್‌ಕ್ಯೂಬ್‌ಗೆ ಸಾಗಿಸಿದರು. ಮಾರಿಯೋ, ಪೋಕೆಮಾನ್ ಮಾರುವ ನಿಂಟೆಂಡೊ ತಾನೇ ಪ್ರಕಟಿಸಿದ ಮೊದಲ ‘ಎಂ’ ರೇಟಿಂಗ್ ಗೇಮ್ ಇದು. ಅಂದರೆ 17 ದಾಟಿದವರಿಗೆ ಮಾತ್ರ.

ಎರಡು ಸಾವಿರ ವರ್ಷ, ನಾಲ್ಕೇ ಜಾಗ

ಅಲೆಕ್ಸಾಂಡ್ರಾ ರೋವಾಸ್ ಎಂಬ ಹುಡುಗಿಯ ಅಜ್ಜ ಬಂಗಲೆಯಲ್ಲಿ ಕೊಲೆಯಾಗುತ್ತಾನೆ. ಅವಳಿಗೆ ಒಂದು ಪುಸ್ತಕ ಸಿಗುತ್ತದೆ. ಒಂದೊಂದು ಅಧ್ಯಾಯ ಓದಿದಾಗಲೂ ಬೇರೆ ಕಾಲದ ಬೇರೆ ವ್ಯಕ್ತಿಯಾಗಿ ನೀವು ಆಡುತ್ತೀರಿ. ಹೀಗೆ 12 ಜನ. ಕ್ರಿ.ಪೂ. 26ರ ರೋಮನ್ ಸೈನಿಕನಿಂದ ಹಿಡಿದು 1991ರಲ್ಲಿ ಗಲ್ಫ್ ಯುದ್ಧದ ಎಣ್ಣೆ ಬಾವಿಗಳ ಬೆಂಕಿ ಆರಿಸಲು ಹೋದ ಕೆನಡಾದ ಅಗ್ನಿಶಾಮಕನವರೆಗೆ. ಜಾಗಗಳು ನಾಲ್ಕೇ: ಪರ್ಷಿಯಾದ ನೆಲದಡಿಯ ನಗರ, ಕಾಂಬೋಡಿಯಾದ ಗುಡಿ, ಫ್ರಾನ್ಸಿನ ಅಮಿಯಾ ಊರಿನ ಚರ್ಚು, ಈ ಬಂಗಲೆ.

ನನಗೆ ಇಡೀ ಗೇಮಿನಲ್ಲಿ ಜಾಸ್ತಿ ಇಷ್ಟ ಆಗುವುದು ಇದೇ, ಟಿವಿ ಚೇಷ್ಟೆಗಿಂತಲೂ ಜಾಸ್ತಿ. ಚರ್ಚಿನಲ್ಲಿ ಒಮ್ಮೆ ಶಾರ್ಲಮೇನ್ ದೊರೆಯ ಓಲೆಕಾರ ಕೊಳೆಯುತ್ತಾ ನಡೆಯುತ್ತಾನೆ. 600 ಚಿಲ್ಲರೆ ವರ್ಷದ ಮೇಲೆ ಒಬ್ಬ ಸನ್ಯಾಸಿ ಅಲ್ಲಿಗೇ ಬರುತ್ತಾನೆ. 1916ಕ್ಕೆ ಅದೇ ಚರ್ಚು ಯುದ್ಧದ ಆಸ್ಪತ್ರೆ, ನೀವು ಪತ್ರಕರ್ತ. ಹಿಂದಿನವನು ಹೇಗೆ ಸತ್ತ ಅಂತ ನಿಮಗೆ ಗೊತ್ತು, ಈಗಿನವನಿಗೆ ಗೊತ್ತಿಲ್ಲ. ಹೆದರಿಸಲು ಬಾಗಿಲ ಹಿಂದಿನಿಂದ ಯಾರೂ ಹಾರಬೇಕಿಲ್ಲ.

ಕಾಂಬೋಡಿಯಾದ ಅಧ್ಯಾಯದ ನಾಯಕಿ ಎಲಿಯಾ, ಸೂರ್ಯವರ್ಮನ ಆಸ್ಥಾನದ ನರ್ತಕಿ. ಇಸವಿ 1150. ತುಮಕೂರಿನವರು ಇಲ್ಲಿ ಒಂದು ಕ್ಷಣ ನಿಲ್ಲಬಹುದು. ನಮ್ಮ ಗೂಳೂರು ಪಕ್ಕದ ಕೈದಾಳದ ಚೆನ್ನಕೇಶವ ದೇವಸ್ಥಾನ ಕಟ್ಟಿದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಜಕಣಾಚಾರಿಯ ಕಥೆ ಕೇಳಿ ಬೆಳೆದವರಿಗೆ ಗುಡಿ ಅಂದರೆ ಗಂಟೆ, ಎಣ್ಣೆ ದೀಪ, ಜನ. ಗೇಮಿನ ಗುಡಿಯಲ್ಲಿ ಇದ್ಯಾವುದೂ ಇಲ್ಲ. ಬರೀ ಬಲೆ, ಗುಂಡಿ, ನೆಲಮಾಳಿಗೆಯಲ್ಲೊಂದು ಕೊಳೆಯುವ ದೈವ. ಪೂರ್ವ ದೇಶದ ದೇವಸ್ಥಾನ ಅಂದ ತಕ್ಷಣ ಭೂತದ ಬಿಡಾರ ಮಾಡಿಬಿಡುವ ಹಳೇ ಚಾಳಿ ಇದು. ಅಮಿಯಾದ ಚರ್ಚನ್ನೂ ಹಾಗೇ ಮಾಡಿದ್ದಾರೆ ಅಂತ ಸಮಾಧಾನ ಮಾಡಿಕೊಳ್ಳಬಹುದು, ಅಷ್ಟೇ.

ಎಲ್ಲಿ ಎಡವಿತು

ಈಗ ದೊಡ್ಡ ದೋಷಕ್ಕೆ ಬರುತ್ತೇನೆ. ಚೆನ್ನಾಗಿ ಆಡುವವನಿಗೆ ಈ ಗೇಮಿನ ಒಳ್ಳೆಯ ಭಾಗ ಸಿಗುವುದೇ ಇಲ್ಲ.

ಹೇಗೆ ಅಂದರೆ, ಕೆಳಗೆ ಬಿದ್ದ ರಾಕ್ಷಸನನ್ನು ಪೂರ್ತಿ ಮುಗಿಸಿದರೆ ಕಳೆದುಕೊಂಡ ಹಸಿರು ವಾಪಸ್ ಬರುತ್ತದೆ. ಮುಂದೆ ಒಂದು ಮಂತ್ರವೂ ಸಿಗುತ್ತದೆ, ಅದನ್ನು ಹಾಕಿದರೆ ಪಟ್ಟಿ ತುಂಬುತ್ತದೆ. ಫೈಟ್ ಕಷ್ಟವೂ ಅಲ್ಲ. ತಲೆ, ಕೈ, ಎದೆ ಅಂತ ಗುರಿ ಆರಿಸಿಕೊಂಡು ಹೊಡೆಯಬಹುದು. ಮೊದಲು ತಲೆ ಹಾರಿಸಿದರೆ ಜೋಂಬಿ ಕುರುಡನಂತೆ ಗಾಳಿಗೆ ಕೈ ಬೀಸುತ್ತಾ ನಿಲ್ಲುತ್ತದೆ. ಹುಷಾರಾಗಿ ಆಡುವವರ ಹಸಿರು ಪಟ್ಟಿ ಸದಾ ತುಂಬಿರುತ್ತದೆ. ಅವರಿಗೆ ಹುಳವೂ ಇಲ್ಲ, ವಾಲ್ಯೂಮೂ ಇಲ್ಲ. ಇದೊಂದು ಸಾಧಾರಣ ಆ್ಯಕ್ಷನ್ ಗೇಮ್ ಅನಿಸಿ ಎದ್ದು ಹೋಗುತ್ತಾರೆ.

ಇನ್ನೊಂದು ಕಡೆ, ಸಿಕ್ಕವರಿಗೂ ಒಂದೇ ಸಲ. ಒಂದೊಂದು ಚೇಷ್ಟೆ ಮುಗಿದಾಗಲೂ ಪರದೆ ಬೆಳ್ಳಗಾಗಿ, ಪಾತ್ರ ಇದು ನಿಜ ಅಲ್ಲ ಅಂತ ಕಿರುಚುತ್ತದೆ, ಎಲ್ಲ ಮೊದಲಿನಂತಾಗುತ್ತದೆ. ಸುಳ್ಳು ಹೇಳಿದವನೇ ಮರುಕ್ಷಣ ತಮಾಷೆಗೆ ಹೇಳಿದೆ ಅಂದ ಹಾಗೆ. ಮೂರ್ನಾಲ್ಕು ಸಲ ಆದಮೇಲೆ ಹೆದರಿಕೆ ಹೋಗಿ ಮುಂದೇನು ಬರುತ್ತದೋ ಅನ್ನುವ ಕುತೂಹಲ ಮಾತ್ರ ಉಳಿಯುತ್ತದೆ. ಅದರ ಮೇಲೆ, ಕಥೆಯ ಪೂರ್ತಿ ಕೊನೆ ನೋಡಬೇಕಾದರೆ ಗೇಮನ್ನು ಮೂರು ಸಲ ಮುಗಿಸಬೇಕು. ಸಲಕ್ಕೊಂದು ಎದುರಾಳಿ ದೈವ ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ. ದಾರಿ, ಬೀಗ, ಒಗಟು ಎಲ್ಲ ಅವೇ. ಎರಡನೇ ಸಲಕ್ಕೇ ನನಗೆ ಸಾಕಾಗಿತ್ತು.

ಹುಚ್ಚನ್ನು ಪಟ್ಟಿಯ ಹಾಗೆ ಅಳೆಯುವುದರ ಬಗ್ಗೆಯೂ ಹೇಳಬೇಕು. ಇಲ್ಲಿಂದ ದಿನಾ ಬೆಳಗ್ಗೆ ಬಸ್ಸು ಹತ್ತಿ ನಿಮ್ಹಾನ್ಸ್‌ಗೆ ಹೋಗುವ ಮನೆಗಳಿವೆ. ಕಾಯಿಲೆ ಅಂದರೆ ರಾಕ್ಷಸನನ್ನು ಕೊಂದರೆ ತುಂಬಿಕೊಳ್ಳುವ ಹಸಿರು ಗೆರೆ ಅಲ್ಲ ಅಂತ ಅವರಿಗೆ ಗೊತ್ತು. 2002ರಲ್ಲಿ ಯಾರೂ ಇದನ್ನು ಅಷ್ಟಾಗಿ ಕೇಳಲಿಲ್ಲ. 2017ರಲ್ಲಿ ಬ್ರಿಟನ್ನಿನ ನಿಂಜಾ ಥಿಯರಿ ಕಂಪನಿ ‘ಹೆಲ್‌ಬ್ಲೇಡ್’ ಗೇಮ್ ಮಾಡುವಾಗ ಕೇಂಬ್ರಿಡ್ಜ್‌ನ ಮನೋವೈದ್ಯ ಪಾಲ್ ಫ್ಲೆಚರ್ ಅವರನ್ನೂ, ಅಂಥ ಅನುಭವ ಇರುವವರನ್ನೂ ಜೊತೆಗೆ ಕೂರಿಸಿಕೊಂಡಿತು. ಅದರಲ್ಲಿ ಪಟ್ಟಿಯೇ ಇಲ್ಲ, ಕಿವಿಯಲ್ಲಿ ಮಾತಾಡುವ ದನಿಗಳಿವೆ.

ತುಮಕೂರಿಗೆ ಯಾಕೆ ಬರಲಿಲ್ಲ

ಜಗತ್ತಿನಲ್ಲೇ ಮಾರಾಟ ಕಮ್ಮಿಯಾಗಲು ಕಾರಣ ಹುಡುಕುವುದು ಕಷ್ಟ ಅಲ್ಲ. ಗೇಮ್‌ಕ್ಯೂಬ್ ಒಟ್ಟು ಮಾರಾಟವಾದದ್ದು ಸುಮಾರು 2.17 ಕೋಟಿ. ಎದುರಾಳಿ ಪ್ಲೇಸ್ಟೇಷನ್ 2, 15 ಕೋಟಿಗೂ ಜಾಸ್ತಿ. ಗೇಮ್‌ಕ್ಯೂಬ್ ಕೊಂಡವರಲ್ಲಿ ಹೆದರಿಕೆ ಬೇಕಾದವರಿಗೆ ಎರಡು ತಿಂಗಳ ಮುಂಚೆಯೇ ‘ರೆಸಿಡೆಂಟ್ ಈವಿಲ್’ ಹೊಸ ರೂಪದಲ್ಲಿ ಸಿಕ್ಕಿತ್ತು.

ನಮ್ಮ ಊರಿನ ಕಾರಣ ಇನ್ನೂ ಸರಳ. ಆಗ ಗೇಮ್ ಊರಿಂದೂರಿಗೆ ಬರುತ್ತಿದ್ದದ್ದು ಕಾಪಿ ಸಿಡಿಯಲ್ಲಿ. ಬೆಂಗಳೂರಿಗೆ ಹೋದವರು ತರುತ್ತಿದ್ದರು, ಒಬ್ಬ ತಂದರೆ ಬೀದಿಗೆಲ್ಲ ಹಂಚಿಕೆ. ಸೈಬರ್ ಕೆಫೆಯ ಕಂಪ್ಯೂಟರಿಗೂ ಅದೇ, ಕಾಪಿ ಸಿಡಿ ಓಡಲಿ ಅಂತ ಚಿಪ್ ಹಾಕಿಸಿದ ಪ್ಲೇಸ್ಟೇಷನ್‌ಗೂ ಅದೇ. ಗೇಮ್‌ಕ್ಯೂಬ್ ಡಿಸ್ಕ್ 8 ಸೆಂ.ಮೀ. ಅಗಲದ ಪುಟಾಣಿ, 1.5 ಜಿಬಿ ಹತ್ತಿರ ಹಿಡಿಯುತ್ತಿತ್ತು. ಸಾಮಾನ್ಯ ಸಿಡಿಗೆ ಅದು ಹಿಡಿಸುವುದಿಲ್ಲ, ಸಾಮಾನ್ಯ ಸಿಡಿ ಆ ಯಂತ್ರದಲ್ಲಿ ಕೂರುವುದಿಲ್ಲ. ಕಳ್ಳ ಪ್ರತಿ ತಡೆಯುವ ಉಪಾಯ ನಿಂಟೆಂಡೊಗೆ ಲಾಭ ಆಗಿರಬಹುದು. ಕಳ್ಳ ಪ್ರತಿಯಲ್ಲೇ ಗೇಮ್ ನೋಡುತ್ತಿದ್ದ ಊರುಗಳಲ್ಲಿ ಮಾತ್ರ ಅದರ ಗೇಮ್‌ಗಳ ಹೆಸರೂ ಹುಟ್ಟಲಿಲ್ಲ. ಇದನ್ನು ಹೊಗಳುತ್ತಿಲ್ಲ, ನಡೆದದ್ದು ಹೇಳಿದೆ.

ಒಂದು ವೇಳೆ ಬಂದಿದ್ದರೂ ಅರ್ಧ ಚೇಷ್ಟೆ ಕೈಕೊಡುತ್ತಿತ್ತು ಅನಿಸುತ್ತದೆ. ಬಿಪಿಎಲ್, ಒನಿಡಾ, ವಿಡಿಯೋಕಾನ್, ಒಂದೊಂದರ ವಾಲ್ಯೂಮ್ ಗೆರೆ ಒಂದೊಂದು ಥರ. ಮೇಲಾಗಿ ದಿನಕ್ಕೆ ಎರಡು ಸಲ ಕರೆಂಟ್ ಹೋಗುವ ಊರಿನಲ್ಲಿ ಪರದೆ ಕಪ್ಪಾದರೆ ಯಾರು ಹೆದರುತ್ತಾರೆ? ಎದ್ದು ಪಕ್ಕದ ಮನೆಯಲ್ಲಿ ದೀಪ ಇದೆಯಾ ಅಂತ ನೋಡುತ್ತಿದ್ದೆವು.

ಪೇಟೆಂಟ್ ಮತ್ತು ಆಮೇಲಿನ ಕಥೆ

ಈ ಗೇಮಿನ ಮಾತು ಬಂದರೆ ಪೇಟೆಂಟ್ ಮಾತು ಬಂದೇ ಬರುತ್ತದೆ. 2005ರ ಆಗಸ್ಟ್‌ನಲ್ಲಿ ನಿಂಟೆಂಡೊಗೆ ಅಮೆರಿಕದಲ್ಲಿ ‘ಸ್ಯಾನಿಟಿ ಸಿಸ್ಟಂ’ ಮೇಲೆ ಪೇಟೆಂಟ್ ಸಿಕ್ಕಿತು. ಬೇರೆಯವರು ಈ ಐಡಿಯಾ ಮುಟ್ಟದಂತಾದದ್ದು ಅದರಿಂದಲೇ ಅಂತ ಅನೇಕರು ಬೈಯುತ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಪೇಟೆಂಟ್ ಜಾರಿಯಲ್ಲಿದ್ದಾಗಲೇ 2010ರಲ್ಲಿ ಸ್ವೀಡನ್ನಿನ ‘ಅಮ್ನೀಶಿಯಾ’ ಬಂತು, ಅದರಲ್ಲಿ ಕತ್ತಲಲ್ಲಿ ನಿಂತರೆ ಮನಸ್ಸು ಕೆಡುತ್ತದೆ. 2009ರ ‘ಬ್ಯಾಟ್‌ಮನ್: ಅರ್ಕಮ್ ಅಸೈಲಂ’ ಗೇಮೇ ಕೆಟ್ಟು ನಿಂತಂತೆ ನಾಟಕ ಆಡಿತು. 2017ರ ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’ ನಿಮ್ಮ ಕಂಪ್ಯೂಟರಿನ ಫೈಲುಗಳ ಜೊತೆಗೇ ಆಡಿತು, ಅದೂ ಪುಕ್ಕಟೆ. ಐಡಿಯಾ ಸಾಯಲಿಲ್ಲ. ಮೊದಲು ಮಾಡಿದವರಿಗೆ ಅದರ ಫಲ ಸಿಗಲಿಲ್ಲ, ಅಷ್ಟೇ. ಅಂದಹಾಗೆ ನಮ್ಮ ಪೇಟೆಂಟ್ ಕಾಯ್ದೆಯ 3(ಎಂ) ಕಲಂ ಪ್ರಕಾರ ಆಟ ಆಡುವ ವಿಧಾನಕ್ಕೆ ಭಾರತದಲ್ಲಿ ಪೇಟೆಂಟ್ ಕೊಡುವ ಹಾಗೇ ಇಲ್ಲ.

ಸಿಲಿಕಾನ್ ನೈಟ್ಸ್ ಗತಿ ಇನ್ನೂ ಕೆಟ್ಟದಾಯಿತು. ಗೇಮ್ ಎಂಜಿನ್ (ಗೇಮ್ ಕಟ್ಟಲು ಬಳಸುವ ಸಾಫ್ಟ್‌ವೇರ್) ವಿಚಾರಕ್ಕೆ ಎಪಿಕ್ ಗೇಮ್ಸ್ ಮೇಲೆ 2007ರಲ್ಲಿ ಕೇಸ್ ಹಾಕಿ, 2012ರಲ್ಲಿ ತಾನೇ ಸೋತಿತು. 44.5 ಲಕ್ಷ ಡಾಲರ್ ತೆರಬೇಕಾಯಿತು. ಮಾರಾಟವಾಗದೆ ಉಳಿದ ತನ್ನದೇ ಕೆಲವು ಗೇಮ್‌ಗಳನ್ನು ನಾಶ ಮಾಡಬೇಕು ಅಂತಲೂ ಆದೇಶ ಆಯಿತು. 2013ರಲ್ಲಿ ಡಯಾಕ್ ಬೇರೆ ಕಂಪನಿಯ ಜೊತೆ ‘ಶ್ಯಾಡೋ ಆಫ್ ದಿ ಎಟರ್ನಲ್ಸ್’ ಅಂತ ಇದರ ವಾರಸುದಾರನನ್ನು ತರಲು ಜನರ ಹತ್ತಿರ ಹಣ ಕೇಳಿದರು. ಬೇಕಾದಷ್ಟು ಹುಟ್ಟಲಿಲ್ಲ.

ಈಗ ಆಡಬೇಕು ಅಂದರೆ ನಿಂಟೆಂಡೊದ ಹಳೇ ‘ವೀ’ ಯಂತ್ರ ಒಂದು ದಾರಿ, ಮೊದಲ ಮಾದರಿಗಳಲ್ಲಿ ಗೇಮ್‌ಕ್ಯೂಬ್ ಡಿಸ್ಕ್ ಓಡುತ್ತದೆ. ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್, ಅಂದರೆ ಆ ಯಂತ್ರದ ನಕಲು ಮಾಡುವ ಸಾಫ್ಟ್‌ವೇರ್ ಹಾಕಿ ಆಡಿದರೆ ಟಿವಿಯ ಚೇಷ್ಟೆಗಳು ಸಪ್ಪೆ, ಯಾಕೆಂದರೆ ಅಲ್ಲಿ ಟಿವಿಯೇ ಇಲ್ಲ. ಹೇಗೆ ಆಡಿದರೂ ಶುರುವಿನಲ್ಲಿ ರೋಮನ್ ಸೈನಿಕನ ಮುಂದೆ ಮೂರು ಬಣ್ಣ ಬಂದಾಗ ಹಸಿರು ಆರಿಸಿ, ಆ ದೈವದ ರಾಕ್ಷಸರು ಮನಸ್ಸಿನ ಪಟ್ಟಿಯನ್ನೇ ಜಾಸ್ತಿ ಕುಡಿಯುತ್ತಾರೆ. ಬಿದ್ದವರನ್ನು ಮುಗಿಸಲು ಹೋಗಬೇಡಿ, ಪಟ್ಟಿ ತುಂಬುವ ಮಂತ್ರವನ್ನೂ ಮರೆತುಬಿಡಿ. ಏನೇನು ಚೇಷ್ಟೆ ಇದೆ ಅಂತ ಯೂಟ್ಯೂಬ್‌ನಲ್ಲಿ ಸುಮ್ನೆ ಹುಡುಕಬೇಡಿ. ನಾನು ಹೇಳಿದ್ದು ಕೆಲವನ್ನು ಮಾತ್ರ, ಒಳ್ಳೆಯವು ಇನ್ನೂ ಇವೆ.